ಜಾಯಿಂಟಿನ ಹೊಟ್ಟೆಯಲ್ಲಿ ಫೋಮ್ ಬಿಡಬೇಡಿ

ಮಾನ್ಯ ಸಂಪಾದಕರೇ,

ಕಾರ್ಬನ್ ಫೈಬರ್ ಸೈಕಲ್ ಫ್ರೇಮನ್ನು ಮನೆಯಲ್ಲೇ ಕಟ್ಟುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ನಾನೂ ನನ್ನ ಮಗಳೂ ಒಟ್ಟಿಗೆ ಕೂತು ಓದಿದೆವು. ಇಂಥ ಕೈಕೆಲಸದ ಬಗ್ಗೆ ಕನ್ನಡದಲ್ಲಿ ಇಷ್ಟು ಬಿಡಿಸಿ ಬರೆಯುವವರು ಕಡಿಮೆ, ಲೇಖಕರಿಗೆ ನಮ್ಮಿಬ್ಬರ ವಂದನೆ. ಕೊಳವೆಗಳು ಕೂಡುವ ಜಾಗಕ್ಕೆ ಫೋಮ್ ಕೆತ್ತಿ, ಅದರ ಮೇಲೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಲ್ಲಿ (ರೆಸಿನ್) ನೆನೆಸಿದ ಕಾರ್ಬನ್ ಬಟ್ಟೆ ಸುತ್ತುವವರೆಗೆ ಅವರು ಹೇಳಿದ್ದೆಲ್ಲ ಸರಿ. ಆಮೇಲೆ ಒಂದು ಸಾಲು ಬರುತ್ತದೆ: ಒಳಗಿರುವ ಫೋಮಿಗೆ ತೂಕವೇ ಇಲ್ಲ, ಅದನ್ನು ಹಾಗೇ ಬಿಟ್ಟರೂ ನಡೆಯುತ್ತದೆ ಎಂದು. ಆ ಒಂದು ಸಾಲಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ನಾನು 31 ವರ್ಷ ಎರಕದ ಕಾರ್ಖಾನೆಯಲ್ಲಿ ಕೋರ್ ಮಾಡುವ ಕೆಲಸದಲ್ಲಿದ್ದವನು. ಪಂಪಿನ ಒಡಲು, ವಾಲ್ವಿನ ಒಳದಾರಿ, ಹೀಗೆ ಎರಕದೊಳಗೆ ಎಲ್ಲಿ ಪೊಳ್ಳು ಬೇಕೋ ಆ ಪೊಳ್ಳಿನ ಆಕಾರದಲ್ಲೇ ಮರಳಿನ ಗಟ್ಟಿ ಮಾಡಿ ಅಚ್ಚಿನೊಳಗೆ ಕೂರಿಸುತ್ತೇವೆ. ಅದಕ್ಕೆ ಕೋರ್ ಅಂತ ಹೆಸರು. ಲೋಹ ಅದರ ಸುತ್ತ ಹರಿದು ಗಟ್ಟಿಯಾದ ಮೇಲೆ ಕೋರನ್ನು ಒಡೆದು, ತಟ್ಟಿ, ಕೊನೆಯ ಚಿಟಿಕೆ ಮರಳೂ ಹೊರಗೆ ಬೀಳುವವರೆಗೆ ಆ ಎರಕವನ್ನು ಮುಂದಕ್ಕೆ ಬಿಡುವುದಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು ಕೋರಿನ ಪೆಟ್ಟಿಗೆಗೆ ಕೈ ಹಾಕುವ ಮೊದಲೇ ಕೇಳುತ್ತಿದ್ದರು: “ಒಳಗೆ ಹಾಕೋದು ಆಮೇಲೆ ಹೇಳು. ಹೊರಗೆ ಹೇಗೆ ತೆಗೀತೀಯ, ಅದನ್ನ ಮೊದಲು ಹೇಳು.” ಸೈಕಲ್ಲಿನ ಜಾಯಿಂಟಿನೊಳಗಿನ ಫೋಮ್ ಕೂಡ ಕೋರೇ. ಅದಕ್ಕೂ ಇದೇ ಪ್ರಶ್ನೆ ಕೇಳಬೇಕು.

ತೂಕದ ವಿಷಯದಲ್ಲಿ ಲೇಖಕರ ಮಾತು ನಿಜ. ಥರ್ಮಾಕೋಲ್ ಘನ ಮೀಟರಿಗೆ 15ರಿಂದ 30 ಕೆ.ಜಿ. ತೂಗುತ್ತದೆ. ಪೆಡಲ್ ತೋಳುಗಳು (ಕ್ರ್ಯಾಂಕ್) ತಿರುಗುವ ಬಾಟಮ್ ಬ್ರಾಕೆಟ್ ಸುತ್ತಲಿನ ಪೊಳ್ಳು ಅರ್ಧ ಲೀಟರ್ ಎಂದುಕೊಂಡರೂ ಅದರೊಳಗಿನ ಫೋಮ್ 10–15 ಗ್ರಾಂ ದಾಟುವುದಿಲ್ಲ. ನೀರಿನ ಬಾಟಲಿಯಲ್ಲಿ ಎರಡು ಗುಟುಕು ಕಡಿಮೆ ತುಂಬಿಸಿದರೆ ಅದು ಸರಿಹೋಯಿತು. ಆದ್ದರಿಂದ ಸೈಕಲ್ ಹಗುರವಾಗಲಿ ಎಂದು ನಾನು ಫೋಮ್ ತೆಗೆಯಿರಿ ಎನ್ನುತ್ತಿಲ್ಲ.

ಮಗಳ ಮೊದಲ ಫ್ರೇಮಿನಲ್ಲಿ ನಾವೂ ಅದನ್ನು ಬಿಟ್ಟಿದ್ದೆವು. “ಅಪ್ಪಾ, ಹತ್ತು ಗ್ರಾಮಿಗೆ ಯಾಕೆ ಒದ್ದಾಡ್ತೀರಿ, ಇರಲಿ ಬಿಡಿ” ಎಂದಳು. ನಾನು ಹೂಂ ಎಂದೆ. 31 ವರ್ಷ ಮಾಡಿದ ಕೆಲಸದ ಮೊದಲ ಪಾಠವನ್ನು ಆ ದಿನ ಬಿಟ್ಟುಕೊಟ್ಟದ್ದು ಇವತ್ತಿಗೂ ನನಗೆ ನೋವು. ಒಂದೂವರೆ ವರ್ಷ ಫ್ರೇಮ್ ಚೆನ್ನಾಗಿಯೇ ಓಡಿತು, ಮಳೆಯಲ್ಲೂ ಓಡಿತು. ಆಮೇಲೆ ಬಲಗಾಲು ಕೆಳಗೆ ಬಂದಾಗೆಲ್ಲ ಟಿಕ್ ಎಂಬ ಸದ್ದು ಶುರುವಾಯಿತು. ಪೆಡಲ್ ಬದಲಾಯಿಸಿದಳು, ಕ್ರ್ಯಾಂಕ್ ಬಿಚ್ಚಿ ಮತ್ತೆ ಬಿಗಿದಳು, ಬೇರಿಂಗ್ ಹೊಸದು ಹಾಕಿದಳು. ಸದ್ದು ಹೋಗಲಿಲ್ಲ.

ಫೌಂಡ್ರಿಯಲ್ಲಿ ಎರಕವನ್ನು ಸುತ್ತಿಗೆಯಿಂದ ತಟ್ಟಿ ಕೇಳುವುದು ನಮ್ಮ ಅಭ್ಯಾಸ. ಬಿರುಕಿಲ್ಲದ್ದು ಗಂಟೆಯಂತೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಒಡೆದ ಮಡಕೆಯಂತೆ. ಕಾರ್ಬನ್ನಿಗೂ ಇದೇ ಪರೀಕ್ಷೆ ಇದೆ, ಸುತ್ತಿಗೆಯ ಬದಲು ನಾಣ್ಯ. ಪದರಗಳು ಒಂದನ್ನೊಂದು ಬಿಟ್ಟಿರುವ ಜಾಗದಲ್ಲಿ ಸದ್ದು ಮಂಕಾಗುತ್ತದೆ. ನಾನು ನಾಣ್ಯ ಹಿಡಿದು ಕೊಳವೆಯುದ್ದಕ್ಕೂ ತಟ್ಟುತ್ತಾ ಬಂದೆ: ಟಿಣ್, ಟಿಣ್, ಟಿಣ್. ಜಾಯಿಂಟಿಗೆ ಬಂದ ಕೂಡಲೇ ದಪ್, ದಪ್. ಇಡೀ ಜಾಯಿಂಟೇ ಹಾಗೆ. ಒಳಗಿನ ಫೋಮ್ ಸದ್ದನ್ನೆಲ್ಲ ನುಂಗಿಕೊಂಡಿತ್ತು. ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ನನ್ನ ಕಿವಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಕೊನೆಗೆ ಮಗಳೇ ಗರಗಸ ತಂದು ಕೊಟ್ಟಳು. ಜಾಯಿಂಟನ್ನು ವೈಸಿಗೆ ಹಿಡಿದು ಉದ್ದಕ್ಕೆ ಎರಡು ಹೋಳು ಮಾಡಿದೆ. ಗರಗಸ ಅರ್ಧ ಇಳಿಯುತ್ತಿದ್ದಂತೆ ಕಪ್ಪು ನೀರು ತೊಟ್ಟಿಕ್ಕಿತು. ಸೀಟಿನ ಕಂಬ ಕೂರುವ ಸೀಟ್ ಟ್ಯೂಬಿನ ಬಾಯಿಯಿಂದ ಇಳಿದ ಮಳೆನೀರು ಥರ್ಮಾಕೋಲಿನ ಕಾಳುಗಳ ನಡುವೆ ಸೇರಿ ಅಲ್ಲೇ ಕೂತಿತ್ತು. ಒದ್ದೆ ಕಾಳುಗಳು ಬೆರಳಿಗೆ ಅಂಟಿಕೊಂಡು ಬಂದವು. ಕ್ರ್ಯಾಂಕಿನ ಬೇರಿಂಗ್ ಕೂರುವ ಅಲ್ಯೂಮಿನಿಯಂ ಬಳೆಯ ಸುತ್ತ ಸುಣ್ಣದಂತಹ ಬಿಳಿ ಪುಡಿ. ಬಳೆಯ ಅಂಚಿಗೆ ಉಗುರು ಹಾಕಿ ಎತ್ತಿದರೆ ಕಾರ್ಬನ್ ಪದರ ಹಳೆಯ ಪೋಸ್ಟರಿನಂತೆ ಎದ್ದು ಬಂತು. ಇನ್ನೊಂದು ಕಡೆ, ಹ್ಯಾಂಡಲ್ ಕಡೆಯಿಂದ ಇಳಿದು ಬರುವ ಡೌನ್ ಟ್ಯೂಬೂ ಸೀಟ್ ಟ್ಯೂಬೂ ಕೂಡುವ ಸಂದಿನಲ್ಲಿ ಬಟ್ಟೆ ಎರಡು ಸೆಂಟಿಮೀಟರ್ ಉದ್ದಕ್ಕೆ ಮಡಚಿಕೊಂಡು, ಅದರ ಹಿಂದೆ ಚಾಕುವಿನ ಅಲಗು ಸಲೀಸಾಗಿ ಹೋಗುವಷ್ಟು ಟೊಳ್ಳು. ಹೊರಗಡೆ ಮಾತ್ರ ಕನ್ನಡಿಯಂಥ ಹೊಳಪು. ಮೇಲೆ ಥಳಕು ಒಳಗೆ ಹುಳುಕು ಅನ್ನುತ್ತಾರಲ್ಲ, ಅದನ್ನು ಅಂದು ಕೈಯಲ್ಲಿ ಹಿಡಿದು ನೋಡಿದೆ.

ಆ ಬಿಳಿ ಪುಡಿಯ ಕಾರಣ ಹೇಳಿಬಿಡುತ್ತೇನೆ, ಲೇಖನದಲ್ಲಿ ಅದು ಬಿಟ್ಟುಹೋಗಿದೆ. ಕಾರ್ಬನ್ ವಿದ್ಯುತ್ತನ್ನು ಹಾಯಿಸುವ ವಸ್ತು. ಅದಕ್ಕೆ ಅಲ್ಯೂಮಿನಿಯಂ ತಾಗಿಕೊಂಡಿದ್ದು, ನಡುವೆ ಬೆವರಿನ ಉಪ್ಪು ಸೇರಿದ ನೀರು ನಿಂತರೆ, ಎರಡೂ ಸೇರಿ ಸಣ್ಣದೊಂದು ಬ್ಯಾಟರಿ ಆಗುತ್ತದೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಕಾರ್ಬನ್ ಕೊಳವೆಗಳನ್ನು ಅಲ್ಯೂಮಿನಿಯಂ ಲಗ್ಗುಗಳಿಗೆ (ಕೊಳವೆ ಕೂಡಿಸುವ ತುಂಡುಗಳಿಗೆ) ಅಂಟಿಸುತ್ತಿದ್ದ ಆರಂಭದ ಕಾಲದ ಫ್ರೇಮುಗಳಲ್ಲಿ ಅಂಟು ಬಿಟ್ಟುಕೊಂಡದ್ದಕ್ಕೆ ಇದೂ ಒಂದು ಮುಖ್ಯ ಕಾರಣ. ಲೋಹದ ಮೇಲೆ ಮೊದಲು ತೆಳುವಾದ ಗಾಜಿನ ಬಟ್ಟೆಯ ಒಂದು ಪದರ ಹಾಕಿ, ಆಮೇಲೆ ಕಾರ್ಬನ್ ಹಾಕಿದರೆ ಎರಡೂ ತಾಗುವುದಿಲ್ಲ. ನಾವು ಅದನ್ನು ಹಾಕಿರಲಿಲ್ಲ, ಆ ತಪ್ಪು ನಮ್ಮದು. ಆದರೆ ಒಳಗೆ ನೀರು ನಿಲ್ಲಲು ಜಾಗ ಮಾಡಿಕೊಟ್ಟದ್ದು ಫೋಮ್. ಪೊಳ್ಳಾಗಿದ್ದು ಕೆಳಗೊಂದು ಸಣ್ಣ ತೂತಿದ್ದರೆ ಅದೇ ನೀರು ಅಂದೇ ಇಳಿದು ಹೋಗುತ್ತಿತ್ತು.

ದೊಡ್ಡ ಕಾರ್ಖಾನೆಗಳ ಫ್ರೇಮುಗಳನ್ನು ಯಂತ್ರಕ್ಕೆ ಕಟ್ಟಿ ಪರೀಕ್ಷಿಸುತ್ತಾರೆ. ಐಎಸ್ಒ 4210 ಎಂಬ ಮಾನದಂಡದ ಪ್ರಕಾರ ಪೆಡಲ್ ತುಳಿತದ ಪರೀಕ್ಷೆಯೊಂದರಲ್ಲೇ ಫ್ರೇಮ್ 1,00,000 ಸಲ ಹೊರೆ ಹೊತ್ತು ಬಿರುಕು ಬಿಡದೆ ನಿಲ್ಲಬೇಕು. ಮನೆಯಲ್ಲಿ ಕಟ್ಟುವವರ ಬಳಿ ಆ ಯಂತ್ರ ಎಲ್ಲಿಂದ ಬರಬೇಕು? ನಮಗಿರುವುದು ಕಣ್ಣು, ಬೆರಳು, ಕಿವಿ ಇಷ್ಟೇ. ಫೋಮ್ ಒಳಗೆ ಉಳಿದರೆ ಅಷ್ಟೂ ಕೈತಪ್ಪುತ್ತವೆ. ಲಟಕ್ಕೆಂದು ಮುರಿದಾಗ ನೆಲಕ್ಕೆ ಬೀಳುವುದು ನಮ್ಮ ಮಕ್ಕಳ ಮುಖ.

ಫೋಮ್ ಒಳಗಿದ್ದರೆ ಗೋಡೆಗೆ ಆಸರೆ ಎಂದು ಕೆಲವರು ವಾದಿಸುತ್ತಾರೆ. ಗಟ್ಟಿ ಜಾತಿಯ ಫೋಮ್ ಕಾರ್ಬನ್ನಿಗೆ ಚೆನ್ನಾಗಿ ಅಂಟಿಕೊಂಡಿದ್ದರೆ ಅದು ನಿಜ, ದೋಣಿಯ ಹಲಗೆಗಳನ್ನು ಹಾಗೆ ಮಾಡುತ್ತಾರೆ. ಬೆರಳಲ್ಲಿ ಒತ್ತಿದರೆ ಕುಳಿ ಬೀಳುವ ಥರ್ಮಾಕೋಲಿನಿಂದ ಆ ಕೆಲಸ ಆಗದು.

ಎರಡನೆಯ ಫ್ರೇಮಿಗೆ ನಾವು ಏನು ಮಾಡಿದೆವೋ ಅದನ್ನು ನಿಮ್ಮ ಓದುಗರಿಗೆ ಹೇಳುತ್ತೇನೆ.

ಮೊದಲು ಯಾವ ಫೋಮ್ ಎಂಬುದು. ಥರ್ಮಾಕೋಲ್ ಎಂದರೆ ಉಬ್ಬಿಸಿದ ಪಾಲಿಸ್ಟೈರೀನ್. ನೀಲಿ ಅಥವಾ ಗುಲಾಬಿ ಬಣ್ಣದಲ್ಲಿ ಬರುವ ನುಣುಪು ಹಲಗೆಯೂ ಅದೇ ಪಾಲಿಸ್ಟೈರೀನ್, ಆದರೆ ಇನ್ನೂ ಒತ್ತಾದದ್ದು, ಕಾಳುಕಾಳಾಗಿ ಉದುರುವುದಿಲ್ಲ. ಇವೆರಡೂ ಅಸಿಟೋನ್ ಎಂಬ ದ್ರಾವಕಕ್ಕೆ ಕರಗುತ್ತವೆ. ಹಳದಿ ಬಣ್ಣದ ಪಾಲಿಯುರಿಥೇನ್ ಫೋಮ್ ಕರಗುವುದಿಲ್ಲ, ಕೆತ್ತಿಯೇ ತೆಗೆಯಬೇಕು. ಸಂಶಯವಿದ್ದರೆ ಸ್ಟೀಲ್ ಲೋಟದಲ್ಲಿ ಸ್ವಲ್ಪ ಅಸಿಟೋನ್ ಹಾಕಿ ಒಂದು ಚೂರನ್ನು ಇಳಿಬಿಟ್ಟು ನೋಡಿ, ಕ್ಷಣದಲ್ಲಿ ಗೊತ್ತಾಗುತ್ತದೆ. ರೆಸಿನ್ ಮಾತ್ರ ಎಪಾಕ್ಸಿಯೇ ಆಗಿರಬೇಕು. ಪಾಲಿಯೆಸ್ಟರ್ ರೆಸಿನಿನಲ್ಲಿ ಸ್ಟೈರೀನ್ ಇರುತ್ತದೆ, ಬಟ್ಟೆ ಸುತ್ತುತ್ತಿರುವಾಗಲೇ ಕೋರನ್ನು ತಿಂದು ಹಾಕುತ್ತದೆ.

ಇಡೀ ಕೋರನ್ನು ಫೋಮಿನಲ್ಲಿ ಮಾಡುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಜಾಯಿಂಟಿನ ಹೊಟ್ಟೆಯ ಭಾಗಕ್ಕಷ್ಟೇ ಫೋಮ್ ಸಾಕು. ಕೊಳವೆಗಳು ಬಂದು ಕೂರುವ ತೋಳುಗಳ ಅಳತೆ ಕರಾರುವಾಕ್ಕಾಗಿ ಇರಬೇಕು, ಅಲ್ಲಿ ಅಂಟಿಗೆ ಬೇಕಾದ ಸಂದು 0.1ರಿಂದ 0.2 ಮಿಲಿಮೀಟರ್ ಅಷ್ಟೇ. ಟೇಪ್ ಬಿಗಿದರೆ ಒಳಕ್ಕೆ ಹೋಗುವ ಫೋಮ್ ಆ ಅಳತೆ ಹಿಡಿಯುವುದು ಸಾಧ್ಯವಿಲ್ಲ. ಅದಕ್ಕೆ ನಾವು ಫ್ರೇಮಿನ ಕೊಳವೆಗಳಷ್ಟೇ ದಪ್ಪದ ಅಲ್ಯೂಮಿನಿಯಂ ಪೈಪಿನ ತುಂಡುಗಳನ್ನು ತೋಳುಗಳ ಜಾಗದಲ್ಲಿ ಇಟ್ಟೆವು. ಅವುಗಳ ಮೇಲೆ ಎರಡು ಸುತ್ತು ಪ್ಯಾಕಿಂಗ್ ಟೇಪ್ ಸುತ್ತಿ, ಮೇಣ ಉಜ್ಜಿದೆವು. ಟೇಪಿನ ಆ ದಪ್ಪವೇ ಮುಂದೆ ಅಂಟಿನ ಸಂದು. ಪೈಪುಗಳ ನಡುವಿನ ಜಾಗಕ್ಕೆ ನೀಲಿ ಫೋಮನ್ನು ಚಾಕುವಿನಿಂದ ಕೆತ್ತಿ, ಉಪ್ಪುಕಾಗದದಿಂದ ಉಜ್ಜಿ ಕೂರಿಸಿದೆವು. ಎರಡು ಕೊಳವೆ ಕೂಡುವ ಸಂದನ್ನು ಚೂಪಾಗಿ ಬಿಡದೆ, ಹೆಬ್ಬೆರಳು ಆನಿಸಿದರೆ ಒಪ್ಪುವಷ್ಟು ದುಂಡಗೆ ಮಾಡಿದೆವು. ಮೊದಲ ಫ್ರೇಮಿನಲ್ಲಿ ಬಟ್ಟೆ ಮಡಚಿಕೊಂಡದ್ದು ಆ ಚೂಪಿನಿಂದ. ಬಟ್ಟೆ ಅಲ್ಲಿ ತಳಕ್ಕೆ ಕೂರದೆ ಸೇತುವೆಯಂತೆ ನಿಲ್ಲುತ್ತದೆ, ಎಳೆದು ಕೂರಿಸಲು ಹೋದರೆ ಮಡಿಕೆ ಬೀಳುತ್ತದೆ.

ಇದರ ಇನ್ನೊಂದು ಲಾಭವೇ ಹೊರದಾರಿ. ಪೈಪುಗಳನ್ನು ಎಳೆದು ತೆಗೆದ ಕೂಡಲೇ ಜಾಯಿಂಟಿಗೆ ಅಗಲವಾದ ಬಾಯಿಗಳು ಸಿಗುತ್ತವೆ, ಫೋಮ್ ನಾಲ್ಕು ಕಡೆಯಿಂದ ಕಾಣುತ್ತದೆ. ಕೋರ್ ಹೇಗೆ ತೆಗೀತೀಯ ಎಂದು ನನ್ನ ಹಿರಿಯರು ಕೇಳಿದ್ದರೆ ಈ ಸಲ ಉತ್ತರ ಇತ್ತು.

ಫೋಮಿಗೂ ಹೊದಿಕೆ ಬೇಕು. ಬರಿಯ ಥರ್ಮಾಕೋಲ್ ಆದರೆ ಕಾಳುಗಳ ಸಂದಿಯಲ್ಲಿ ಎಪಾಕ್ಸಿ ಇಳಿದು, ಒಳಗೋಡೆ ಹಲಸಿನ ಸಿಪ್ಪೆಯಂತೆ ಮುಳ್ಳುಮುಳ್ಳಾಗಿ ಉಳಿಯುತ್ತದೆ. ತೆಳು ಪ್ಯಾಕಿಂಗ್ ಟೇಪಿನ ಪಟ್ಟಿಗಳನ್ನು ಒಂದರ ಅಂಚಿನ ಮೇಲೆ ಒಂದು ಬರುವಂತೆ ಹಚ್ಚಿದೆವು. ಎಪಾಕ್ಸಿ ಆ ಟೇಪಿಗೆ ಗಟ್ಟಿಯಾಗಿ ಹಿಡಿಯುವುದಿಲ್ಲ.

ಬಟ್ಟೆ ಸುತ್ತುವುದನ್ನು ಲೇಖಕರು ಚೆನ್ನಾಗಿಯೇ ಬರೆದಿದ್ದಾರೆ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಕಾರ್ಬನ್ನಿನ ಬಲವೆಲ್ಲ ಎಳೆಯ ಉದ್ದಕ್ಕೆ, ಅಡ್ಡಕ್ಕೆ ಅದು ರೆಸಿನಿನಷ್ಟೇ ಬಡವ. ಎಳೆ ಒಂದೊಂದೂ ಸುಮಾರು 7 ಮೈಕ್ರಾನ್, ತಲೆಗೂದಲಿನ ಹತ್ತನೇ ಒಂದು ಭಾಗದಷ್ಟು. ಆದ್ದರಿಂದ ಕೊಳವೆಯಿಂದ ಕೊಳವೆಗೆ ಹಾಯುವ ಉದ್ದ ಪಟ್ಟಿಗಳೂ ಬೇಕು, ತಿರುಚುವಿಕೆಗೆ ತಡೆಯಾಗಿ 45 ಡಿಗ್ರಿ ಓರೆಯಲ್ಲಿ ಕತ್ತರಿಸಿದ ತುಂಡುಗಳೂ ಬೇಕು. ಓರೆ ತುಂಡು ಬಾಗಿದ ಜಾಗಕ್ಕೆ ಮಡಿಕೆಯಿಲ್ಲದೆ ಒಪ್ಪಿಕೊಳ್ಳುತ್ತದೆ ಕೂಡ.

ಬಿಗಿಯುವುದಕ್ಕೆ ಕರೆಂಟಿನವರ ಇನ್ಸುಲೇಷನ್ ಟೇಪನ್ನು ಅಂಟಿನ ಮೈ ಹೊರಗೆ ಬರುವಂತೆ ಎಳೆದು ಸುತ್ತಿ, ಸೂಜಿಯಿಂದ ತೂತು ಹಾಕಿದೆವು. ಹೆಚ್ಚಾದ ರೆಸಿನ್ ಆ ತೂತುಗಳಿಂದ ಹನಿಹನಿಯಾಗಿ ಹೊರಬಂತು. ಟೇಪಿನ ಬದಲು ಗಾಳಿ ಎಳೆದು ಬಿಗಿಯುವ ವ್ಯಾಕ್ಯೂಮ್ ಚೀಲ ಬಳಸುವವರು ಎಚ್ಚರದಿಂದಿರಬೇಕು. ಗಾಳಿ ಪೂರ್ತಿ ಎಳೆದರೆ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಹತ್ತಿರದ ಒತ್ತಡ ಬೀಳುತ್ತದೆ. ಪೆಟ್ಟಿಗೆಗಳಲ್ಲಿ ಬರುವ ಹಗುರ ಥರ್ಮಾಕೋಲ್ ಅದಕ್ಕೆ ಕುಸಿಯುತ್ತದೆ, ನೀಲಿ ಹಲಗೆ ತಾಳಿಕೊಳ್ಳುತ್ತದೆ.

ಇನ್ನು ಕೋರ್ ತೆಗೆಯುವ ದಿನ. ಇದಕ್ಕೆ ಅವಸರ ಮಾಡಬಾರದು. ನಾವು ಅಭ್ಯಾಸಕ್ಕೆಂದು ಮಾಡಿದ ಮೊದಲ ತುಂಡಿಗೆ ಮರುದಿನವೇ ಅಸಿಟೋನ್ ಸುರಿದು ಕೆಡಿಸಿದೆವು. ಮೇಲೆ ಕಲ್ಲಿನಂತಿದ್ದ ಎಪಾಕ್ಸಿ ಒಳಗೆ ಇನ್ನೂ ಪೂರ್ತಿ ಮಾಗಿರಲಿಲ್ಲ. ಒಳಮೈ ಬಿಳಿಚಿಕೊಂಡು ಜಿಗುಟಾಯಿತು, ಉಗುರಿನ ಗೆರೆ ಮೂಡುತ್ತಿತ್ತು. ಸಾಮಾನ್ಯ ಎಪಾಕ್ಸಿ ಒಂದು ದಿನದಲ್ಲಿ ಗಟ್ಟಿಯಾದಂತೆ ಕಂಡರೂ ಪೂರ್ತಿ ಬಲ ಬರಲು ಒಂದು ವಾರ ಬೇಕು. ಎರಡನೇ ಸಲ ಏಳು ದಿನ ಕಾದೆವು.

ಎಂಟನೇ ದಿನ ಇಡೀ ಜಾಯಿಂಟನ್ನು ಫ್ರೀಜರಿನಲ್ಲಿ ಇಟ್ಟೆವು. ಕಾರ್ಬನ್ ಚಳಿಗೆ ಕುಗ್ಗುವುದೇ ಇಲ್ಲ ಎನ್ನುವಷ್ಟು ಕಡಿಮೆ, ಅಲ್ಯೂಮಿನಿಯಂ ಕುಗ್ಗುತ್ತದೆ. 30 ಮಿಲಿಮೀಟರ್ ವ್ಯಾಸದ ಪೈಪ್ 40 ಡಿಗ್ರಿ ತಣ್ಣಗಾದರೆ ಸುಮಾರು 0.03 ಮಿಲಿಮೀಟರ್ ಸಣ್ಣದಾಗುತ್ತದೆ. ಕೂದಲೆಳೆಯಷ್ಟೂ ಅಲ್ಲ, ಆದರೂ ಸಾಕು. ಮಗಳು ಜಾಯಿಂಟ್ ಹಿಡಿದುಕೊಂಡಳು, ನಾನು ಪೈಪನ್ನು ಬಟ್ಟೆಯಲ್ಲಿ ಹಿಡಿದು ತಿರುವಿದೆ. ಚಿಟ್ ಎಂದು ಬಿಟ್ಟುಕೊಂಡು ಜಾರಿ ಬಂತು.

ಆಮೇಲೆ ಫೋಮ್. ನೇರವಾಗಿ ಅಸಿಟೋನ್ ಸುರಿಯಬೇಡಿ. ಮೊದಲು ಉದ್ದ ಸ್ಕ್ರೂಡ್ರೈವರಿನಿಂದ, ಕೊಕ್ಕೆ ಮಾಡಿದ ತಂತಿಯಿಂದ ಆದಷ್ಟೂ ಅಗೆದು ತೆಗೆಯಿರಿ. ಮುಕ್ಕಾಲು ಪಾಲು ಹೀಗೇ ಬರುತ್ತದೆ. ಗೋಡೆಗೆ ಅಂಟಿ ಉಳಿದದ್ದಕ್ಕಷ್ಟೇ ಅಸಿಟೋನ್. ಒಂದು ಬಾಯಿ ಬಿಟ್ಟು ಉಳಿದವನ್ನು ಬಿರಡೆ ಹಾಕಿ ಮುಚ್ಚಿ, ಅರ್ಧ ಲೋಟ ಸುರಿದು, ಐದು ನಿಮಿಷ ತಿರುಗಿಸಿ, ಚೆಲ್ಲಬೇಕು. ಜಾಯಿಂಟನ್ನು ಗಂಟೆಗಟ್ಟಲೆ ಅದರಲ್ಲಿ ನೆನೆಸಿಡಬಾರದು. ಫೋಮ್ ಸಕ್ಕರೆಯಂತೆ ಕರಗಿ ನೀರಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಾಗುವುದಿಲ್ಲ. ಅದರೊಳಗಿನ ಗಾಳಿಯೆಲ್ಲ ಗುಳುಗುಳು ಎಂದು ಹೊರಟು, ಪ್ಲಾಸ್ಟಿಕ್ಕು ಹಲಸಿನ ಮೇಣದಂಥ ಅಂಟು ಮುದ್ದೆಯಾಗಿ ತಳದಲ್ಲಿ ಕೂರುತ್ತದೆ. ಮೆತ್ತಗಿರುವಾಗಲೇ ಅದನ್ನು ಕೊಕ್ಕೆಯಲ್ಲಿ ಸುತ್ತಿ ಎಳೆಯಬೇಕು, ಜೊತೆಗೆ ಟೇಪೂ ಬರುತ್ತದೆ. ಒಣಗಲು ಬಿಟ್ಟರೆ ಗಟ್ಟಿ ಗಂಟಾಗಿ, ಸೈಕಲ್ ಓಡುವಾಗಲೆಲ್ಲ ಒಳಗೆ ಕಡಕಡ ಎನ್ನುತ್ತದೆ. ನಾವು ಮೂರು ಸಲ ತೊಳೆದೆವು.

ಅಸಿಟೋನ್ ಬಗ್ಗೆ ಲೇಖನದಲ್ಲಿ ಎಚ್ಚರಿಕೆಯ ಒಂದು ಮಾತೂ ಇಲ್ಲದ್ದು ನನ್ನನ್ನು ಚಿಂತೆಗೆ ಹಚ್ಚಿತು. ಅದರ ಆವಿ ಸೊನ್ನೆಗಿಂತ ಹತ್ತಾರು ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದು ದೂರದ ಒಲೆಯನ್ನೋ ಸ್ವಿಚ್ಚನ್ನೋ ತಲುಪಬಲ್ಲದು. ಈ ಕೆಲಸ ಬಯಲಿನಲ್ಲೇ ಆಗಬೇಕು. ಚೆಲ್ಲಿದ್ದನ್ನು ಚರಂಡಿಗೆ ಬಿಡದೆ ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಬೇಕು. ತೆಳು ನೈಟ್ರೈಲ್ ಕೈಗವಸನ್ನು ಅಸಿಟೋನ್ ಬೇಗನೆ ದಾಟುತ್ತದೆ, ಒದ್ದೆಯಾದ ಕೂಡಲೇ ಬದಲಿಸಿ. ಎಪಾಕ್ಸಿಗೆ ಮಾತ್ರ ಆ ಕೈಗವಸು ಬೇಕೇ ಬೇಕು. ಒಮ್ಮೆ ಎಪಾಕ್ಸಿ ಮೈಗೆ ಒಗ್ಗದಂತಾಯಿತೆಂದರೆ ಆಮೇಲೆ ಹನಿ ತಾಗಿದರೂ ತುರಿಕೆ ಏಳುತ್ತದೆ, ಸಾಮಾನ್ಯವಾಗಿ ಜೀವಮಾನಪೂರ್ತಿ. ಕಾರ್ಬನ್ ಉಜ್ಜುವಾಗ ನೀರು ಹಾಕಿಕೊಂಡು ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ.

ಎಲ್ಲ ತೊಳೆದು ಒಣಗಿದ ಮೇಲೆ ದಂತವೈದ್ಯರು ಬಳಸುವಂಥ ಪುಟ್ಟ ಕನ್ನಡಿಯನ್ನೂ ಟಾರ್ಚನ್ನೂ ಒಳಗೆ ಬಿಟ್ಟು ನೋಡಿದೆವು. ಒಳಗೋಡೆಯ ನೇಯ್ಗೆ ಎಳೆಎಳೆಯಾಗಿ ಕಂಡಿತು. ಹಿಂಚಕ್ರದತ್ತ ಹೋಗುವ ಚೈನ್‌ಸ್ಟೇ ಕೊಳವೆ ಹೊರಡುವ ಕಡೆ ಕಡಲೆಕಾಳಿನಷ್ಟು ಜಾಗದಲ್ಲಿ ರೆಸಿನ್ ಸಾಲದೆ ಎಳೆಗಳು ಒಣಗಿದ್ದವು. ಮಗಳು ಬೆರಳು ತೂರಿಸಿ, ಅಲ್ಲಿ ಉಜ್ಜಿ, ಒಂದು ತುಂಡು ಬಟ್ಟೆಯನ್ನು ಒಳಗಿನಿಂದಲೇ ಅಂಟಿಸಿದಳು. ಫೋಮ್ ಇದ್ದಿದ್ದರೆ ಆ ಜಾಗ ನಮಗೆ ಕಾಣುತ್ತಲೇ ಇರಲಿಲ್ಲ. ನಾಣ್ಯದಿಂದ ತಟ್ಟಿದೆ. ಈ ಸಲ ಜಾಯಿಂಟೂ ಟಿಣ್ ಎಂದಿತು.

ಇಷ್ಟೆಲ್ಲ ಕಷ್ಟ ಬೇಡ ಎನ್ನುವವರಿಗೆ ಕಾರ್ಖಾನೆಗಳ ದಾರಿ ಬೇರೆಯೇ ಇದೆ. ಥರ್ಮಾಕೋಲ್ ಕೋರಿಗೆ ರಬ್ಬರಿನ ತೆಳು ಚೀಲ ತೊಡಿಸಿ, ಮೇಲೆ ಕಾರ್ಬನ್ ಹಾಸಿ, ಲೋಹದ ಅಚ್ಚಿನಲ್ಲಿ ಮುಚ್ಚಿ, ಕಾಯಿಸುತ್ತಾ ಚೀಲಕ್ಕೆ ಗಾಳಿ ತುಂಬುತ್ತಾರೆ. ಕಾವಿಗೆ ಥರ್ಮಾಕೋಲ್ ಮುದುಡಿ ಚಿಕ್ಕದಾಗುತ್ತದೆ, ಆಮೇಲೆ ಚೀಲದ ಸಮೇತ ಎಳೆದು ಹಾಕುತ್ತಾರೆ. ಅಲ್ಲಿಯೂ ಅವರು ಅದನ್ನು ಒಳಗೆ ಬಿಡುವುದಿಲ್ಲ ಎಂಬುದನ್ನು ಗಮನಿಸಿ. ಆದರೆ ಈ ವಿಧಾನಕ್ಕೆ ಲೋಹದ ಅಚ್ಚು ಬೇಕು, ಕಾವು ತಡೆಯುವ ರೆಸಿನ್ ಬೇಕು. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗುವ ನಮ್ಮ ಎಪಾಕ್ಸಿಯನ್ನು ಆ ಮಟ್ಟಕ್ಕೆ ಕಾಯಿಸಿದರೆ ಫೋಮಿನ ಜೊತೆ ಜಾಯಿಂಟೂ ಮೆತ್ತಗಾದೀತು.

ಲೇಖನ ಓದಿ ಈಗಾಗಲೇ ಫೋಮ್ ಒಳಗೇ ಬಿಟ್ಟು ಕಟ್ಟಿರುವವರು ಗಾಬರಿಯಿಂದ ಅದರೊಳಗೆ ಅಸಿಟೋನ್ ಸುರಿಯಲು ಹೋಗಬೇಡಿ. ಕೊಳವೆ ಅಂಟಿಸಿದ ಜಾಗಗಳಿಗೆ ಅದು ಇಳಿದರೆ ಕೇಡು. ಸೀಟಿನ ಕಂಬ ತೆಗೆದು ಫ್ರೇಮನ್ನು ತಲೆಕೆಳಗಾಗಿ ಒಂದು ರಾತ್ರಿ ನಿಲ್ಲಿಸಿ, ನೀರು ಬರುತ್ತದೆಯೇ ನೋಡಿ. ಬಾಟಮ್ ಬ್ರಾಕೆಟ್ ಬಿಚ್ಚಿ ಅಲ್ಯೂಮಿನಿಯಂ ಬಳೆಯ ಅಂಚಿನಲ್ಲಿ ಬಿಳಿ ಪುಡಿ ಇದೆಯೇ, ಕಾರ್ಬನ್ ಎದ್ದಿದೆಯೇ ನೋಡಿ. ಹೊಸದಾಗಿ ಟಿಕ್ ಎನ್ನುವ ಸದ್ದು ಬಂದರೆ ಅಂದೇ ಓಡಿಸುವುದನ್ನು ನಿಲ್ಲಿಸಿ.

ಲೇಖಕರು ಮುಂದಿನ ಕಂತಿನಲ್ಲಿ ಆ ಸಾಲನ್ನು ತಿದ್ದಿ ಬರೆದರೆ ಉಪಕಾರವಾಗುತ್ತದೆ. ನಾವು ಕೊಯ್ದ ಜಾಯಿಂಟಿನ ಎರಡು ಹೋಳುಗಳೂ ನನ್ನ ಬಳಿ ಇವೆ. ಬಿಳಿ ಪುಡಿ ಈಗಲೂ ಹಾಗೇ ಇದೆ, ಮಡಿಕೆಯೂ ಕಾಣುತ್ತದೆ. ಚಿತ್ರ ತೆಗೆದು ಪ್ರಕಟಿಸುವುದಾದರೆ ನಿಮ್ಮ ಕಚೇರಿಗೆ ತಂದು ಕೊಡುತ್ತೇನೆ.

ಇಂತಿ,
ನಿವೃತ್ತ ಫೌಂಡ್ರಿ ಕೆಲಸಗಾರ